ಸರೀಕರ ಏಳಿಗೆ: ಮುದಿತೆಯ ಕುರಿತು ಒಂದು ವಿಚಾರ

ಒಂದೇ ವರ್ಷ ಒಂದೇ ಕಾಲೇಜಿನಿಂದ ಹೊರಬಿದ್ದವರು ಇಪ್ಪತ್ತೈದು ವರ್ಷಗಳ ನಂತರ ಮತ್ತೆ ಒಂದೆಡೆ ಸೇರುವ ಕಲಾಪಕ್ಕೆ ಕರ್ನಾಟಕದಲ್ಲಿ ಈಗ ಒಂದು ನಿಶ್ಚಿತ ರೂಪ ಬಂದಿದೆ. ಆಮಂತ್ರಣ ಪತ್ರಿಕೆಯಲ್ಲಿ ಅದು ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’ ಎಂದು ಅಚ್ಚಾಗುತ್ತದೆ. ಪ್ರಾರ್ಥನೆ, ಸ್ವಾಗತ, ಅಗಲಿದ ಗುರುಗಳಿಗೂ ಗೆಳೆಯರಿಗೂ ಮೌನಾಚರಣೆ, ನಿವೃತ್ತ ಅಧ್ಯಾಪಕರಿಗೆ ಶಾಲು ಮತ್ತು ಫಲತಾಂಬೂಲ, ಸಾಧಕರಿಗೆ ಸನ್ಮಾನ ಇವೆಲ್ಲ ಮುಗಿದ ಮೇಲೆ ಒಬ್ಬೊಬ್ಬರೂ ಎದ್ದು ನಿಂತು, ತಾವು ಎಲ್ಲಿದ್ದೇವೆ, ಏನಾಗಿದ್ದೇವೆ, ಮಕ್ಕಳು ಏನು ಓದುತ್ತಿದ್ದಾರೆ ಎಂದು ಹೇಳಿಕೊಳ್ಳುವ ಪರಿಚಯದ ಸರದಿ ಬರುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿಯೂ ಇದರ ರೀತಿ ಬೇರೆಯಲ್ಲ. ಕಾರ್ಯಕ್ರಮದ ಇತರ ಅಂಗಗಳು ಶಿಷ್ಟಾಚಾರದವು. ತತ್ತ್ವದ ದೃಷ್ಟಿಯಿಂದ ವಿಚಾರಕ್ಕೆ ಅರ್ಹವಾದುದು ಈ ಪರಿಚಯದ ಸರದಿಯೇ. ಸಹಪಾಠಿಯ ಏಳಿಗೆಯ ಸುದ್ದಿ ಕೇಳಿದಾಗ ಮನಸ್ಸಿನಲ್ಲಿ ಏಳಬೇಕಾದುದು ಯಾವುದು, ವಾಸ್ತವವಾಗಿ ಏಳುವುದು ಯಾವುದು, ಇವೆರಡರ ನಡುವಿನ ಅಂತರವನ್ನು ತುಂಬುವ ಹೊಣೆ ಆ ವ್ಯಕ್ತಿಯದೋ ಅಥವಾ ಅವನಿಗೆ ವಿದ್ಯೆ ಕಲಿಸಿದ ವ್ಯವಸ್ಥೆಯದೋ ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ.

ಮತ್ಸರವು ದೂರದವರ ಮೇಲೆ ಸುಲಭವಾಗಿ ಹುಟ್ಟುವುದಿಲ್ಲ. ದೇಶದ ಅತಿ ದೊಡ್ಡ ಶ್ರೀಮಂತನ ಆಸ್ತಿ ದುಪ್ಪಟ್ಟಾಯಿತೆಂದು ಪತ್ರಿಕೆಯಲ್ಲಿ ಓದಿ ಪುಟ ಮಗುಚುವ ಮನುಷ್ಯನೇ, ಒಂದು ಕಾಲದಲ್ಲಿ ತನ್ನ ನೋಟ್ಸ್ ಪಡೆದು ಓದಿದವನು ಇಲಾಖೆಯ ಉಪನಿರ್ದೇಶಕನಾದನೆಂದು ಕೇಳಿದ ರಾತ್ರಿ ಮಗ್ಗುಲು ಬದಲಿಸುತ್ತಾನೆ. ಸರೀಕರು, ಅಂದರೆ ವಯಸ್ಸು, ಊರು, ಅವಕಾಶಗಳಲ್ಲಿ ತನಗೆ ಸಮಾನರೆಂದು ಎಣಿಸಿದವರು, ಮುಂದೆ ಹೋದಾಗ ಆ ಅಂತರವು ಅದೃಷ್ಟದ್ದಾಗಿ ತೋರದೆ ತನ್ನ ಯೋಗ್ಯತೆಯ ಮೇಲೆ ಬಂದ ತೀರ್ಪಿನಂತೆ ತೋರುವುದೇ ಇದಕ್ಕೆ ಕಾರಣ. ಹೊರಟ ಗೆರೆ ಒಂದೇ ಆಗಿತ್ತೆಂಬ ನಂಬಿಕೆ ಇಲ್ಲಿ ಮೂಲಭೂತವಾದುದು. ಆ ನಂಬಿಕೆ ಎಷ್ಟು ನಿಜ ಎಂಬುದನ್ನು ಮುಂದೆ ನೋಡಬೇಕಾಗುತ್ತದೆ.

ಭಾರತೀಯ ಶಾಸ್ತ್ರಕಾರರು ಈ ವಿಷಯವನ್ನು ಸ್ಥೂಲವಾಗಿ ‘ಹೊಟ್ಟೆಕಿಚ್ಚು’ ಎಂದು ಬಿಟ್ಟುಬಿಡದೆ ಬಿಡಿಸಿ ನೋಡಿದ್ದಾರೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದದ 33ನೆಯ ಸೂತ್ರವು ಚಿತ್ತದ ಪ್ರಸನ್ನತೆಗೆ ನಾಲ್ಕು ಭಾವನೆಗಳನ್ನು ವಿಧಿಸುತ್ತದೆ: ಸುಖದಲ್ಲಿರುವವರ ಬಗ್ಗೆ ಮೈತ್ರಿ, ದುಃಖದಲ್ಲಿರುವವರ ಬಗ್ಗೆ ಕರುಣೆ, ಪುಣ್ಯವಂತರ ಬಗ್ಗೆ ಮುದಿತೆ, ಅಪುಣ್ಯವಂತರ ಬಗ್ಗೆ ಉಪೇಕ್ಷೆ. ಮುದಿತೆಯೆಂದರೆ ಇನ್ನೊಬ್ಬರ ಒಳಿತನ್ನು ಕಂಡು ಉಂಟಾಗುವ ಹರ್ಷ. ವಾಚಸ್ಪತಿ ಮಿಶ್ರನು ತನ್ನ ತತ್ತ್ವವೈಶಾರದಿ ಎಂಬ ವ್ಯಾಖ್ಯಾನದಲ್ಲಿ ಈ ಒಂದೊಂದು ಭಾವನೆಯೂ ಮನಸ್ಸಿನ ಯಾವ ಯಾವ ಕೊಳೆಯನ್ನು ತೊಳೆಯುತ್ತದೆಂದು ವಿವರಿಸುವಾಗ ಮೈತ್ರಿಯು ಈರ್ಷ್ಯೆಯನ್ನೂ ಮುದಿತೆಯು ಅಸೂಯೆಯನ್ನೂ ಕಳೆಯುತ್ತದೆ ಎನ್ನುತ್ತಾನೆ. ಪರರ ಸುಖವನ್ನು ಸಹಿಸಲಾರದ ನೋವು ಈರ್ಷ್ಯೆ; ಪರರ ಗುಣದಲ್ಲಿ ದೋಷವನ್ನು ಹುಡುಕುವ ಚಟ ಅಸೂಯೆ. ಸಮ್ಮಿಲನದ ಊಟದ ಪಂಕ್ತಿಯನ್ನು ಬಲ್ಲವರಿಗೆ ಈ ಭೇದ ಎಷ್ಟು ಸೂಕ್ಷ್ಮವಾದುದೆಂದು ಬೇರೆ ಹೇಳಬೇಕಾಗಿಲ್ಲ. ಗೆಳೆಯನ ಹೊಸ ಮನೆಯ ಸುದ್ದಿಗೆ ಮುಖ ಬಾಡುವುದು ಒಂದು ಬಗೆ. ಅವನು ಬರೆದ ಪುಸ್ತಕಕ್ಕೆ ಪ್ರಶಸ್ತಿ ಬಂದಾಗ ‘ಆಯ್ಕೆ ಸಮಿತಿಯಲ್ಲಿ ಅವನ ಪೈಕಿಯವರೇ ಇದ್ದರಂತೆ’ ಎಂದು ಪಕ್ಕದವನ ಕಿವಿಯಲ್ಲಿ ಹೇಳುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ನೋವಿದೆ, ಎರಡನೆಯದರಲ್ಲಿ ಆ ನೋವು ವಿಮರ್ಶೆಯ ವೇಷ ಹಾಕಿಕೊಂಡಿದೆ.

ಯೋಗಸೂತ್ರದ ವಿಭಜನೆಯನ್ನು ಗಂಭೀರವಾಗಿ ತೆಗೆದುಕೊಂಡರೆ ಇನ್ನೊಂದು ಅಂಶವೂ ಹೊರಡುತ್ತದೆ. ಬಡ್ತಿ, ಸೈಟು, ಮಗನ ವಿದೇಶಿ ನೌಕರಿ ಮೊದಲಾದವು ಸುಖದ ಸುದ್ದಿಗಳಾದ್ದರಿಂದ ಅವುಗಳಿಗೆ ಸಲ್ಲಬೇಕಾದುದು ಮೈತ್ರಿ ಮಾತ್ರ, ಅಂದರೆ ‘ಆಗಲಿ, ಅವನು ಚೆನ್ನಾಗಿರಲಿ’ ಎಂಬ ಹಾರೈಕೆ; ಮುದಿತೆ ಎಂಬ ಹರ್ಷವು ಪುಣ್ಯಕ್ಕೆ, ಅಂದರೆ ಸದ್ಗುಣ ಮತ್ತು ಸತ್ಕರ್ಮಕ್ಕೆ ಮೀಸಲು. ಜೈನರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೂ ಇದೇ ನಾಲ್ಕನ್ನು ತುಸು ಬೇರೆ ಹೆಸರುಗಳಿಂದ ಹೇಳಿ, ಅದರಲ್ಲಿ ಪ್ರಮೋದ ಎಂಬ ಹರ್ಷಕ್ಕೆ ವಿಷಯ ‘ಗುಣಾಧಿಕ’ರು, ಅಂದರೆ ಗುಣದಲ್ಲಿ ತನಗಿಂತ ಹೆಚ್ಚಿನವರು, ಎಂದು ನಿರ್ದೇಶಿಸುತ್ತದೆ. ಗ್ರಂಥಕಾರ ಉಮಾಸ್ವಾತಿಯ ಈ ಆಯ್ಕೆಯಲ್ಲಿ ಒಂದು ನಿಷ್ಠುರತೆಯಿದೆ. ಏಕೆಂದರೆ ಹರ್ಷಪಡುವವನು ಮೊದಲು ತಾನು ಕಡಿಮೆಯವನೆಂದು ಒಪ್ಪಿಕೊಳ್ಳಬೇಕಾಗುತ್ತದೆ, ಮತ್ತು ಒಂದೇ ಬೆಂಚಿನಲ್ಲಿ ಕುಳಿತಿದ್ದವನ ವಿಷಯದಲ್ಲಿ ಈ ಒಪ್ಪಿಗೆಯಷ್ಟು ದುಬಾರಿಯಾದದ್ದು ಬೇರೊಂದಿಲ್ಲ.

ಸಹಪಾಠಿಯ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರ ಬರುವುದು ಬುದ್ಧಘೋಷನು ಐದನೆಯ ಶತಮಾನದಲ್ಲಿ ಪಾಲಿಯಲ್ಲಿ ರಚಿಸಿದ ವಿಸುದ್ಧಿಮಗ್ಗದ ಒಂಬತ್ತನೆಯ ಅಧ್ಯಾಯ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳನ್ನು ಬೌದ್ಧರು ಬ್ರಹ್ಮವಿಹಾರಗಳೆಂದು, ಅಂದರೆ ಚಿತ್ತದ ಶ್ರೇಷ್ಠ ನೆಲೆಗಳೆಂದು ಕರೆಯುತ್ತಾರೆ. ಪತಂಜಲಿಗಿಂತ ಭಿನ್ನವಾಗಿ ಬುದ್ಧಘೋಷನು ಮುದಿತೆಗೆ ಜೀವಿಗಳ ‘ಸಂಪತ್ತಿ’ಯನ್ನೇ, ಅಂದರೆ ಅವರ ಏಳಿಗೆಯನ್ನೇ, ಆಸನ್ನಕಾರಣವೆಂದು ಹೇಳುವುದರಿಂದ ಬಡ್ತಿಯೂ ಸೈಟೂ ಇಲ್ಲಿ ಹೊರಗುಳಿಯುವುದಿಲ್ಲ. ಮುದಿತೆಯ ಅಭ್ಯಾಸವನ್ನು ಯಾರಿಂದ ಆರಂಭಿಸಬೇಕು ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರ ಕುತೂಹಲಕರವಾದುದು: ಅತಿಪ್ರಿಯನಾದ ಒಡನಾಡಿಯಿಂದ, ಮಾತಿಗೆ ಮೊದಲೇ ನಗುವ, ಸದಾ ಉಲ್ಲಾಸದಿಂದಿರುವ ಗೆಳೆಯನಿಂದ. ಇಂಥವನೊಬ್ಬನು ಪ್ರತಿ ತರಗತಿಯಲ್ಲೂ ಇರುತ್ತಾನೆ, ಸಮ್ಮಿಲನಕ್ಕೆ ಎಲ್ಲರನ್ನೂ ಫೋನು ಮಾಡಿ ಕರೆಸುವವನೂ ಸಾಮಾನ್ಯವಾಗಿ ಅವನೇ.

ಆದರೆ ಅದೇ ಅಧ್ಯಾಯವು ಸಮ್ಮಿಲನದ ಸಂಭ್ರಮಕ್ಕೆ ಒಂದು ಎಚ್ಚರಿಕೆಯನ್ನೂ ಇಡುತ್ತದೆ. ಪ್ರತಿಯೊಂದು ಬ್ರಹ್ಮವಿಹಾರಕ್ಕೂ ಒಂದು ದೂರದ ಶತ್ರು, ಒಂದು ಹತ್ತಿರದ ಶತ್ರು ಇವೆ. ದೂರದ ಶತ್ರುವು ನೇರ ವಿರೋಧಿಯಾದರೆ ಹತ್ತಿರದ್ದು ಅದರಂತೆಯೇ ಕಾಣಿಸಿ ಮೋಸಗೊಳಿಸುವಂಥದ್ದು. ಮುದಿತೆಗೆ ದೂರದ ಶತ್ರು ಅರತಿ, ಅಂದರೆ ಪರರ ಒಳಿತಿನಲ್ಲಿ ಮನಸ್ಸು ಸೇರದಿರುವ ಬೇಸರ; ಹತ್ತಿರದ ಶತ್ರು ಗೃಹಸ್ಥ ಜೀವನದ ಲಾಭಗಳನ್ನು ನೆನೆದು ಹುಟ್ಟುವ ಸಂತೋಷ. ಮುದಿತೆಯು ಬರಿಯ ಮೋಜಾಗಿ ಮಾರ್ಪಟ್ಟರೆ ಅದು ಕೆಟ್ಟಂತೆ ಎಂದೂ ಬುದ್ಧಘೋಷನು ಹೇಳುತ್ತಾನೆ. ಹಳೆಯ ಅಡ್ಡಹೆಸರುಗಳನ್ನು ಕೂಗಿ, ಹಿಂದಿನ ಚೇಷ್ಟೆಗಳನ್ನು ನೆನೆದು ನಗುವ ನಗೆಯಲ್ಲಿ ಕೆಟ್ಟದ್ದೇನೂ ಇಲ್ಲ, ಆದರೆ ಅದು ಇನ್ನೊಬ್ಬನ ಏಳಿಗೆಯಲ್ಲಿ ಪಟ್ಟ ಹರ್ಷವಲ್ಲ. ತಾನು ಇಪ್ಪತ್ತು ವರ್ಷದವನಾಗಿದ್ದಾಗಿನ ತನ್ನನ್ನೇ ಕಂಡು ಪಟ್ಟ ಹರ್ಷ ಎಂಬುದನ್ನು ಬುದ್ಧಘೋಷನ ಅಳತೆಗೋಲು ಬಯಲಿಗೆಳೆಯುತ್ತದೆ.

ಹಾಗಿದ್ದರೆ ನಿಜವಾದ ಮುದಿತೆ ಸರೀಕರ ನಡುವೆ ಸಾಧ್ಯವಾಗುವುದು ಹೇಗೆ? ಮೇಲಿನ ಗ್ರಂಥಗಳು ಅದನ್ನು ವ್ಯಕ್ತಿಯ ಭಾವನೆಯ, ಅಂದರೆ ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳುವ ಅಭ್ಯಾಸದ, ವಿಷಯವಾಗಿ ನೋಡುತ್ತವೆ. ಗೌತಮನ ನ್ಯಾಯಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಒಂದು ಮಾತು ಬೇರೊಂದು ದಾರಿಯನ್ನು ತೋರಿಸುತ್ತದೆ. ಪಡೆದ ತತ್ತ್ವಜ್ಞಾನವು ಗಟ್ಟಿಗೊಳ್ಳಲು ಯಾರೊಡನೆ ಸಂವಾದಕ್ಕೆ ಕೂರಬೇಕೆಂಬುದನ್ನು ಹೇಳುವಾಗ ಗೌತಮನು ಶಿಷ್ಯ, ಗುರು ಇವರ ಜೊತೆಗೆ ಸಬ್ರಹ್ಮಚಾರಿಯನ್ನೂ, ಅಂದರೆ ಒಂದೇ ಗುರುವಿನಲ್ಲಿ ಓದಿದ ಸಹಪಾಠಿಯನ್ನೂ ಹೆಸರಿಸಿ, ಇವರು ಅಸೂಯೆಯಿಲ್ಲದವರಾಗಿರಬೇಕೆಂದು ಷರತ್ತು ಹಾಕುತ್ತಾನೆ. ಈ ಷರತ್ತಿನ ಹಿಂದೆ ನ್ಯಾಯಶಾಸ್ತ್ರದ ಮೂರು ಬಗೆಯ ಕಥೆಗಳ, ಎಂದರೆ ಚರ್ಚೆಗಳ, ವಿವೇಚನೆಯಿದೆ: ಸತ್ಯವನ್ನು ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನದನ್ನು ಕೆಡವುವುದಷ್ಟೇ ಗುರಿಯಾದರೆ ಅದು ವಿತಂಡೆ. ವಾದದಲ್ಲಿ ಎದುರಾಳಿಯು ಸರಿಯಾದ ಮಾತನ್ನು ಹೇಳಿದರೆ ಅದು ಇಬ್ಬರಿಗೂ ಬಂದ ಲಾಭ, ಜಲ್ಪದಲ್ಲಿ ಅದೇ ಮಾತು ಒಬ್ಬನ ನಷ್ಟ. ಆದ್ದರಿಂದ ಅಸೂಯೆಯಿಲ್ಲದಿರುವುದು ಒಳ್ಳೆಯ ಸ್ವಭಾವದ ಕೊಡುಗೆ ಮಾತ್ರವಲ್ಲ, ವಿದ್ಯೆಯನ್ನು ಯಾವ ಬಗೆಯಲ್ಲಿ ಏರ್ಪಡಿಸಲಾಗಿದೆ ಎಂಬುದರ ಫಲವೂ ಹೌದು. ರ‍್ಯಾಂಕು ಪಟ್ಟಿಯ ಕೆಳಗೆ ಮೂರು ವರ್ಷ ಕಳೆದವರಿಂದ, ಇಪ್ಪತ್ತೈದು ವರ್ಷಗಳ ನಂತರ ಒಂದು ಮಧ್ಯಾಹ್ನದ ಮಟ್ಟಿಗೆ ಮುದಿತೆಯನ್ನು ಅಪೇಕ್ಷಿಸುವುದು, ಜಲ್ಪದಲ್ಲಿ ಪಳಗಿದವರನ್ನು ಏಕಾಏಕಿ ವಾದಕ್ಕೆ ಕರೆದಂತೆ.

ನ್ಯಾಯಸೂತ್ರವು ಬಣ್ಣಿಸುವ ಈ ಏರ್ಪಾಡು ಗ್ರಂಥದಲ್ಲಿ ಮಾತ್ರ ಉಳಿದಿರುವಂಥದ್ದಲ್ಲ. 1959ರಲ್ಲಿ ಟಿಬೆಟ್ ತೊರೆದು ಬಂದ ಸುಮಾರು 1500 ಭಿಕ್ಷುಗಳು ಮೊದಲ ಹತ್ತು ವರ್ಷ ಉತ್ತರ ಬಂಗಾಳದ ಬಕ್ಸಾ ದ್ವಾರದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಟ್ಟಿದ್ದ ಹಳೆಯ ಸೆರೆಮನೆಯ ಆವರಣದಲ್ಲಿ, ಅಧ್ಯಯನ ಮುಂದುವರಿಸಿದರು. ಕ್ಷಯರೋಗಕ್ಕೆ ಅವರಲ್ಲಿ ಹಲವರು ಬಲಿಯಾದರು. ಅಂದಿನ ಮೈಸೂರು ಸರ್ಕಾರವು ಕೊಟ್ಟ ನೆಲದಲ್ಲಿ ಮುಂಡಗೋಡದ ಟಿಬೆಟನ್ ವಸತಿ 1966ರಲ್ಲಿ ಆರಂಭವಾಯಿತು, ಮತ್ತು 1969ರ ಸುಮಾರಿಗೆ ಡ್ರೆಪುಂಗ್ ಹಾಗೂ ಗಾಂಡೆನ್ ಮಹಾವಿಹಾರಗಳ ಭಿಕ್ಷುಗಳು ಇಲ್ಲಿಗೂ, ಸೇರಾ ವಿಹಾರದವರು ಬೈಲುಕುಪ್ಪೆಗೂ ಬಂದು ಕಾಡು ಕಡಿದು, ಜೋಳ ಭತ್ತ ಬೆಳೆಯುತ್ತಲೇ ಮತ್ತೆ ತರಗತಿಗಳನ್ನು ತೆರೆದರು. ಆ ತರಗತಿಗಳ ಪಠ್ಯವೆಲ್ಲ ಮೂಲತಃ ಭಾರತದ್ದೇ: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನ ಹೆಸರಿನಲ್ಲಿರುವ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಒಂದು ವರ್ಷ ಸೇರಿದ ತಂಡವು ಹದಿನೈದು ಇಪ್ಪತ್ತು ವರ್ಷಗಳವರೆಗೆ ಈ ಐದನ್ನು ಒಟ್ಟಾಗಿ ಓದುತ್ತ ಮೇಲೇರುತ್ತದೆ; ಕೊನೆಯಲ್ಲಿ ದೊರೆಯುವ ಪದವಿಗೆ ಗೆಶೆ ಎಂದು ಹೆಸರು, ಸಂಸ್ಕೃತದ ಕಲ್ಯಾಣಮಿತ್ರ ಎಂಬುದರ ಟಿಬೆಟನ್ ರೂಪದ ಸಂಕ್ಷೇಪವದು.

ಸಂಜೆಯ ಅಂಗಳದಲ್ಲಿ ನಡೆಯುವ ವಾದವೇ ಈ ಶಿಕ್ಷಣದ ಜೀವಾಳ. ಒಬ್ಬ ಕುಳಿತು ಪಕ್ಷವನ್ನು ಹಿಡಿಯುತ್ತಾನೆ. ಇನ್ನೊಬ್ಬ ನಿಂತು, ಪ್ರತಿ ಪ್ರಶ್ನೆಯ ಕೊನೆಗೂ ಅಂಗೈಗೆ ಅಂಗೈ ಬಡಿದು, ಕಾಲು ನೆಲಕ್ಕೆ ಅಪ್ಪಳಿಸಿ ಕೇಳುತ್ತಾನೆ. ಕುಳಿತವನಿಗೆ ಉಪನ್ಯಾಸ ಕೊಡಲು ಅವಕಾಶವಿಲ್ಲ. ಒಪ್ಪಿದೆ, ಹೇತು ಸಿದ್ಧವಿಲ್ಲ, ವ್ಯಾಪ್ತಿಯಿಲ್ಲ ಎಂಬಂಥ ಕೆಲವೇ ಉತ್ತರಗಳೊಳಗೆ ಅವನು ನಿಲ್ಲಬೇಕು. ಹೇತುವೆಂದರೆ ಮುಂದಿಟ್ಟ ಕಾರಣ, ವ್ಯಾಪ್ತಿಯೆಂದರೆ ಆ ಕಾರಣಕ್ಕೂ ತೀರ್ಮಾನಕ್ಕೂ ಇರುವ ತಪ್ಪದ ಸಂಬಂಧ. ಮರುದಿನ ಪಾತ್ರಗಳು ಅದಲು ಬದಲಾಗುತ್ತವೆ. ಇಂಥ ಇಪ್ಪತ್ತು ವರ್ಷಗಳ ನಂತರ ತಂಡದಲ್ಲೊಬ್ಬನು ಅತ್ಯುನ್ನತ ದರ್ಜೆಯ ಗೆಶೆಯಾದರೆ, ಅವನ ಪಾಂಡಿತ್ಯದಲ್ಲಿ ಎದುರು ನಿಂತು ಕೇಳಿದ ಪ್ರತಿಯೊಬ್ಬನ ಪ್ರಶ್ನೆಯೂ ಸೇರಿಕೊಂಡಿರುತ್ತದೆ. ಪ್ರತೀತ್ಯಸಮುತ್ಪಾದ, ಅಂದರೆ ಯಾವುದೂ ತಾನಾಗಿಯೇ ಹುಟ್ಟದೆ ಬೇರೆ ಬೇರೆ ಕಾರಣಗಳನ್ನು ಅವಲಂಬಿಸಿ ಹುಟ್ಟುತ್ತದೆ ಎಂಬ ಬೌದ್ಧ ಸಿದ್ಧಾಂತವನ್ನು ಅವರು ಮಧ್ಯಮಕದ ಪಾಠದಲ್ಲಿ ಓದುವ ಮೊದಲೇ ಅಂಗಳದಲ್ಲಿ ಅನುಭವಿಸಿರುತ್ತಾರೆ. ಸಾಧನೆಯು ಒಬ್ಬನ ಸ್ವಂತ ಆಸ್ತಿಯಲ್ಲವೆಂದು ಮನಗಂಡವನಿಗೆ ಅದರಲ್ಲಿ ಹರ್ಷಪಡುವುದು ಔದಾರ್ಯವಾಗಿ ಉಳಿಯುವುದಿಲ್ಲ.

ಇದರಿಂದ ಮುಂಡಗೋಡದ ವಿಹಾರಗಳಲ್ಲಿ ಅಸೂಯೆಯೇ ಇಲ್ಲವೆಂದು ಭಾವಿಸುವುದು ಭಕ್ತಿಯಾದೀತೇ ಹೊರತು ವಿಚಾರವಾಗದು. ಗೆಶೆ ಪದವಿಯಲ್ಲೂ ದರ್ಜೆಗಳಿವೆ, ಲ್ಹಾರಂಪಾ ಎಂಬ ಮೇಲಿನ ದರ್ಜೆಗೆ ವರ್ಷಗಟ್ಟಲೆ ಪರೀಕ್ಷೆಗಳಿವೆ. ಪದವೀಧರನು ಸಂಘಕ್ಕೆಲ್ಲ ಚಹಾ, ಊಟ, ಕಾಣಿಕೆಗಳನ್ನು ಸಲ್ಲಿಸಬೇಕೆಂಬ ಪದ್ಧತಿಯು ಹಳೆಯ ಟಿಬೆಟ್ಟಿನಲ್ಲಿ ಬಡ ಭಿಕ್ಷುಗಳ ಪದವಿಗೆ ತೊಡಕಾದದ್ದೂ ಉಂಟು. ಎಂಟನೆಯ ಶತಮಾನದ ಶಾಂತಿದೇವನು ಬೋಧಿಚರ್ಯಾವತಾರದ ಆರನೆಯ ಅಧ್ಯಾಯದಲ್ಲಿ, ಸಕಲ ಜೀವಿಗಳಿಗೂ ಸುಖವಾಗಲೆಂದು ಸಂಕಲ್ಪ ತೊಟ್ಟವನು ಅವರಲ್ಲೊಬ್ಬನಿಗೆ ಅಲ್ಪ ಸುಖ ತಾನಾಗಿ ದೊರೆತಾಗ ಕನಲುವುದೇಕೆ ಎಂದು ಕೇಳಬೇಕಾಗಿ ಬಂದದ್ದೇ ಭಿಕ್ಷುಗಳ ನಡುವೆಯೂ ಆ ಕನಲಿಕೆ ಇತ್ತೆಂಬುದಕ್ಕೆ ಸಾಕ್ಷಿ.

ಅದಕ್ಕಿಂತ ದೊಡ್ಡ ಕೊರತೆಯೊಂದು ಈ ವ್ಯವಸ್ಥೆಯಲ್ಲಿ ಶತಮಾನಗಳ ಕಾಲ ಇತ್ತು. ಗೆಶೆ ಪದವಿ ಭಿಕ್ಷುಗಳಿಗಷ್ಟೇ ತೆರೆದಿತ್ತು. ಟಿಬೆಟನ್ ಪರಂಪರೆಯಲ್ಲಿ ಸ್ತ್ರೀಯರಿಗೆ ಪೂರ್ಣ ಭಿಕ್ಷುಣಿ ದೀಕ್ಷೆಯ ಸಂಪ್ರದಾಯವಿಲ್ಲದ್ದರಿಂದ ಐದು ಶಾಸ್ತ್ರಗಳಲ್ಲೊಂದಾದ ವಿನಯದ ಪೂರ್ಣ ಅಧ್ಯಯನಕ್ಕೆ ಅವರು ಅರ್ಹರಲ್ಲವೆಂಬ ವಾದ ಅಡ್ಡ ಬರುತ್ತಿತ್ತು. 2012ರಲ್ಲಿ ಈ ಬಾಗಿಲನ್ನು ತೆರೆಯುವ ನಿರ್ಧಾರವಾಗಿ, ನಾಲ್ಕು ವರ್ಷಗಳ ಪರೀಕ್ಷೆಗಳನ್ನು ಮುಗಿಸಿದ ಇಪ್ಪತ್ತು ಸನ್ಯಾಸಿನಿಯರಿಗೆ 2016ರ ಡಿಸೆಂಬರ್ 22ರಂದು ಮುಂಡಗೋಡದ ಡ್ರೆಪುಂಗ್ ವಿಹಾರದಲ್ಲಿ ದಲಾಯಿ ಲಾಮಾ ಅವರು ಗೆಶೆಮಾ ಪದವಿಯನ್ನು ಪ್ರದಾನ ಮಾಡಿದರು. 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗಿಗೆ ಆರುನೂರು ವರ್ಷ ತುಂಬಿದ ಉತ್ಸವದ ಸಂದರ್ಭವದು; ಒಂದು ವಿದ್ಯಾಸಂಸ್ಥೆಯು ತನ್ನ ಹಳೆಯ ಕೀರ್ತಿಯನ್ನು ನೆನೆಯಲು ಕರೆದ ಸಭೆಯಲ್ಲಿ ಆ ಕೀರ್ತಿಯಿಂದ ಹೊರಗಿದ್ದವರು ಒಳಗೆ ಬಂದರು. ಮುದಿತೆಯ ದೃಷ್ಟಿಯಿಂದ ಇದೊಂದು ತೂಕದ ಪ್ರಸಂಗ. ವಿರಳವಾಗಿರುವುದರಿಂದಲೇ ಬೆಲೆಯುಳ್ಳದ್ದಾಗಿದ್ದ ಪದವಿಯು ಹೆಚ್ಚು ಜನರಿಗೆ ದೊರೆತಾಗ ಅದನ್ನು ಮೊದಲೇ ಪಡೆದವನ ಹರ್ಷವು ಪರೀಕ್ಷೆಗೊಳಗಾಗುತ್ತದೆ. ತನ್ನ ಪದವಿಯ ಬೆಲೆ ಅದರ ವಿರಳತೆಯಲ್ಲಿತ್ತೋ ಅಥವಾ ಅದರ ವಿದ್ಯೆಯಲ್ಲಿತ್ತೋ ಎಂಬುದು ಆಗ ತಿಳಿಯುತ್ತದೆ.

ಹೊರಗುಳಿದವರ ಪ್ರಶ್ನೆ ವಿಹಾರದ ಗೋಡೆಯಾಚೆ ಇನ್ನೂ ಗಡುಸಾದುದು. ಹೊರಟ ಗೆರೆ ಒಂದೇ ಆಗಿತ್ತೆಂಬ ಸರೀಕರ ನಂಬಿಕೆಯನ್ನು ಈ ನಾಡಿನ ಭೂಗೋಳವೇ ಅಲ್ಲಗಳೆಯುತ್ತದೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾರ್ಖಾನೆಯ ಸುತ್ತ ಬೆಳೆದ ದಾಂಡೇಲಿಯಲ್ಲಿ, ದೇಶದ ನಾನಾ ಕಡೆಗಳಿಂದ ಬಂದ ಅಧಿಕಾರಿ, ಗುಮಾಸ್ತ, ಕಾರ್ಮಿಕರ ಮಕ್ಕಳು ಬಂಗೂರನಗರದ ಒಂದೇ ಕಾಲೇಜಿನಲ್ಲಿ ಕುಳಿತರೂ ಮನೆಗೆ ಮರಳುವಾಗ ಬೇರೆ ಬೇರೆ ಬೀದಿಗಳಿಗೆ ಮರಳಿದರು. ಊರಿನ ಪ್ಲೈವುಡ್ ಮತ್ತು ಫೆರೊ ಕಾರ್ಖಾನೆಗಳು ಮುಚ್ಚಿದಾಗ ಯಾರ ಮನೆಯ ಹುಡುಗ ಓದು ಬಿಟ್ಟನೆಂಬುದು ಅವನ ಪ್ರತಿಭೆಯನ್ನು ಅವಲಂಬಿಸಿರಲಿಲ್ಲ. ಹಳಿಯಾಳದಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದದ್ದು 2004ರಲ್ಲಿ. ಅದಕ್ಕೆ ಒಂದು ದಶಕ ಮೊದಲು ಪಿಯುಸಿ ಮುಗಿಸಿದವರಿಗೆ ಆ ಓದೆಂದರೆ ಬೆಳಗಾವಿ ಅಥವಾ ಹುಬ್ಬಳ್ಳಿಯ ಬಾಡಿಗೆ ಕೋಣೆ. ಜೋಯಿಡಾದಲ್ಲಂತೂ ಕಾಳಿ ನದಿಯ ಸೂಪಾ ಅಣೆಕಟ್ಟಿನ ಹಿನ್ನೀರು ಹಳೆಯ ತಾಲ್ಲೂಕು ಕೇಂದ್ರವನ್ನೇ ನುಂಗಿದ್ದರಿಂದ, ಅಲ್ಲಿ ಓದಿದವರಿಗೆ ಸಮ್ಮಿಲನಕ್ಕೆ ಮರಳಲು ಹಳೆಯ ಊರೇ ಇಲ್ಲ.

ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಕಾಡಂಚಿನಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯಕ್ಕೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಆ ಸಮುದಾಯದ ಮೊದಲ ಪದವೀಧರರೆಂದು ಗುರುತಿಸಲ್ಪಟ್ಟಿರುವ ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ನಾಡಿನಾದ್ಯಂತ ಅದು ಸುದ್ದಿಯಾಯಿತು. ಇಂಥ ಸಾಧನೆಗೆ ಹರ್ಷಪಡುವುದು ಸರೀಕರಲ್ಲದವರಿಗೆ ಕಷ್ಟವಲ್ಲ. ಕಷ್ಟವಾಗಬೇಕಾದ್ದು ಬೇರೊಂದು ವಿಷಯ. ಮೊದಲ ಪದವೀಧರ ಎಂಬ ಮಾತಿನಲ್ಲಿ, ಅವರ ವಯಸ್ಸಿನ ಎಷ್ಟು ಮಂದಿ ಶಾಲೆಯ ಅರ್ಧದಲ್ಲೇ ಉಳಿದರು ಎಂಬ ಲೆಕ್ಕವೂ ಅಡಗಿದೆ. ಹಾಗೆ ಅರ್ಧದಲ್ಲೇ ಉಳಿದವನನ್ನು ಸಭೆಗೆ ಕರೆದು, ಮುಂದೆ ಹೋದವರನ್ನು ಕಂಡು ಮತ್ಸರಪಡಬೇಡವೆಂದು ಬೋಧಿಸುವುದು ಮುದಿತೆಯ ಶಾಸ್ತ್ರವನ್ನು ತಲೆಕೆಳಗಾಗಿ ಹಿಡಿದಂತೆ. ಬ್ರಹ್ಮವಿಹಾರಗಳು ನಾಲ್ಕಾಗಿರುವುದು ಸುಮ್ಮನೆ ಅಲ್ಲ. ಕೆಳಗಿನಿಂದ ಮೇಲಕ್ಕೆ ನೋಡುವವನಿಂದ ಮುದಿತೆಯನ್ನು ಕೇಳುವ ಮೊದಲು, ಮೇಲಿನಿಂದ ಕೆಳಕ್ಕೆ ನೋಡುವವನಿಂದ ಕರುಣೆಯನ್ನು ಕೇಳಬೇಕಾಗುತ್ತದೆ, ಮತ್ತು ಆ ಕರುಣೆ ಹಳೆಯ ವಿದ್ಯಾರ್ಥಿಗಳ ಸಂಘದ ವಿದ್ಯಾರ್ಥಿವೇತನದ ಚೆಕ್ಕಿನಲ್ಲಿ ಕಾಣದಿದ್ದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ.

ಸೋತ ಗೆಳೆಯನ ವಿಷಯದಲ್ಲಿ ವಿಸುದ್ಧಿಮಗ್ಗವು ಮೌನವಾಗಿಲ್ಲ. ಒಡನಾಡಿಯು ಹಿಂದೆ ಸುಖಿಯಾಗಿದ್ದು ಈಗ ದುರ್ಗತಿಗಿಳಿದಿದ್ದರೆ, ಅವನ ಹಿಂದಿನ ಏಳಿಗೆಯನ್ನು ನೆನೆದು, ಅಥವಾ ಮುಂದೆ ಅವನಿಗೆ ಮತ್ತೆ ಅದು ದೊರೆಯುವುದನ್ನು ಭಾವಿಸಿ ಮುದಿತೆಯನ್ನು ಬೆಳೆಸಬಹುದೆಂದು ಬುದ್ಧಘೋಷನು ಹೇಳುತ್ತಾನೆ. ಪರಿಚಯದ ಸರದಿಯಲ್ಲಿ ‘ವಿಶೇಷ ಏನಿಲ್ಲ, ಊರಲ್ಲೇ ಇದ್ದೇನೆ’ ಎಂದು ಕುಳಿತುಬಿಡುವವನು ಒಂದು ಕಾಲದಲ್ಲಿ ಕಾಲೇಜಿನ ಕಬಡ್ಡಿ ತಂಡದ ನಾಯಕನಾಗಿದ್ದನೆಂದು ಇನ್ನೊಬ್ಬನು ಎದ್ದು ಹೇಳುವಾಗ, ತಿಳಿದೋ ತಿಳಿಯದೆಯೋ ಅವನು ಈ ವಿಧಾನವನ್ನೇ ಅನುಸರಿಸುತ್ತಿರುತ್ತಾನೆ.

ಹಿರಿಯರು ಕಿರಿಯರ ಮೇಲ್ಮೆಯನ್ನು ಒಪ್ಪಿ ಹರ್ಷಿಸಿದ ನಿದರ್ಶನಕ್ಕೆ ಇದೇ ಪ್ರದೇಶದ ಇನ್ನೊಂದು ಕ್ಷೇತ್ರವನ್ನೂ ನೆನೆಯಬಹುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಚದುರಿದಾಗ ಚೆನ್ನಬಸವಣ್ಣನು ಬಂದು ಐಕ್ಯನಾದನೆಂದು ಪರಂಪರೆ ಹೇಳುವ ಉಳವಿ ಜೋಯಿಡಾ ತಾಲ್ಲೂಕಿನಲ್ಲಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಇಂದಿಗೂ ಕಾಡುದಾರಿ ಹಿಡಿದು ಅಲ್ಲಿಗೆ ಬರುತ್ತವೆ. ಬಸವಣ್ಣನ ಸೋದರಳಿಯನೂ ವಯಸ್ಸಿನಲ್ಲಿ ಬಹಳ ಚಿಕ್ಕವನೂ ಆಗಿದ್ದ ಚೆನ್ನಬಸವಣ್ಣನನ್ನು ಷಟ್‌ಸ್ಥಲ ಜ್ಞಾನದಲ್ಲಿ, ಅಂದರೆ ಭಕ್ತನಿಂದ ಐಕ್ಯದವರೆಗಿನ ಆರು ಮೆಟ್ಟಿಲುಗಳ ಅರಿವಿನಲ್ಲಿ, ಹಿರಿಯ ಶರಣರೇ ಮುಂದಿಟ್ಟರು. ಅನುಭವ ಮಂಟಪದ ಗೋಷ್ಠಿಯೂ ಪ್ರಶ್ನೋತ್ತರದ ಮೇಲೆ ನಿಂತದ್ದೇ ಎಂಬುದು ಇಲ್ಲಿ ಗಮನಾರ್ಹ.

ಸರೀಕರ ನಡುವಿನ ಪೈಪೋಟಿಯನ್ನು ತಗ್ಗಿಸುವಂಥ ಕೆಲವು ಕಟ್ಟುಗಳನ್ನು ಮುಂಡಗೋಡದ ಪರಂಪರೆಯು ಪದವಿಯ ನಂತರದ ಬದುಕಿಗೂ ಇಟ್ಟಿದೆ. ಲ್ಹಾರಂಪಾ ಗೆಶೆಯಾದವನು ಮುಂದೆ ತಂತ್ರಶಾಸ್ತ್ರದ ಅಧ್ಯಯನಕ್ಕೆ ಹುಣಸೂರು ಬಳಿಯ ಗುರುಪುರದಲ್ಲಿರುವ ಗ್ಯುಮೆ ವಿದ್ಯಾಲಯಕ್ಕೋ ಹಿಮಾಚಲದ ಗ್ಯುತೊ ವಿದ್ಯಾಲಯಕ್ಕೋ ಹೋಗಿ ಮತ್ತೆ ಹೊಸ ವಿದ್ಯಾರ್ಥಿಯಾಗಿ ಸೇರುತ್ತಾನೆ. ವಿನಯದ ನಿಯಮದಂತೆ ಸಂಘದಲ್ಲಿ ಹಿರಿತನವನ್ನು ಎಣಿಸುವುದು ದೀಕ್ಷೆ ಪಡೆದ ಕಾಲದಿಂದಲೇ ಹೊರತು ಪಾಂಡಿತ್ಯದಿಂದಲ್ಲ. 1409ರಲ್ಲಿ ತ್ಸೊಂಖಾಪ ಸ್ಥಾಪಿಸಿದ ಗಾಂಡೆನ್ನಿನ ಪೀಠಾಧಿಪತ್ಯ, ಅಂದರೆ ಈ ವಿಹಾರಗಳು ಸೇರಿದ ಗೆಲುಗ್ ಪಂಥದ ಅತ್ಯುನ್ನತ ಸ್ಥಾನ, ವಂಶದಿಂದಲೂ ಪುನರ್ಜನ್ಮದ ಗುರುತಿನಿಂದಲೂ ಬರುವುದಿಲ್ಲ. ಗ್ಯುಮೆ ಮತ್ತು ಗ್ಯುತೊಗಳ ಮಾಜಿ ಮಠಾಧಿಪತಿಗಳು ಏರಿ ಬರುವ ಎರಡು ಸಾಲುಗಳಿಂದ ಸರದಿಯಂತೆ ಬರುತ್ತದೆ. ಏಳು ವರ್ಷ ತುಂಬಿದ ಮೇಲೆ ಪೀಠದಲ್ಲಿರುವವರು ಇಳಿಯುತ್ತಾರೆ, ಇನ್ನೊಂದು ಸಾಲಿನವರು ಏರುತ್ತಾರೆ.